ಗಾಡಿ ಎಳೀತಿಲ್ಲ ಅಂದ ಕೂಡಲೇ ಎಂಜಿನ್ ಬಿಚ್ಚಿಸಬೇಡಿ

ಸಣ್ಣ ಟ್ರಕ್ ಓಡಿಸಿ ಜೀವನ ಮಾಡುವವರ ಬಾಯಲ್ಲಿ ಆಗಾಗ ಬರುವ ಒಂದು ಮಾತಿದೆ: 'ಗಾಡಿ ಎಳೀತಿಲ್ಲ.' ಕೆಲವರು 'ಪಿಕಪ್ ಇಲ್ಲ' ಅಂತಾರೆ, ಕೆಲವರು 'ದಮ್ಮೇ ಇಲ್ಲ' ಅಂತಾರೆ. ಎಲ್ಲದರ ಅರ್ಥ ಒಂದೇ. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಗಾಡಿ ಏರು ಹತ್ತೋಕೆ ಒದ್ದಾಡುತ್ತೆ, ಹಿಂದಿನವರು ಹಾರ್ನ್ ಹೊಡೀತಾರೆ, ಲೋಡ್ ತಡವಾಗುತ್ತೆ.

ಗ್ಯಾರೇಜಿಗೆ ಹೋಗಿ ಈ ಮೂರು ಪದ ಹೇಳಿದರೆ ಹತ್ತು ಉತ್ತರ ಸಿಗುತ್ತೆ. ಫಿಲ್ಟರ್ ಬದಲಾಯಿಸಿ, ಪಂಪ್ ಹೋಗಿದೆ, ಇಂಜೆಕ್ಟರ್ ಹೋಗಿದೆ, ಟರ್ಬೊ ಹೋಗಿದೆ, ಎಂಜಿನ್ ಕೆಲಸ ಬಂತು. ಹತ್ತೂ ನಿಜ ಇರಬಹುದು. ಆದರೆ ನಿಮ್ಮ ಗಾಡಿಗೆ ಅನ್ವಯಿಸೋದು ಸಾಮಾನ್ಯವಾಗಿ ಒಂದೇ ಒಂದು. ಅದು ಯಾವುದು ಅಂತ ಹುಡುಕೋ ಕೆಲಸಕ್ಕೆ ಯಾರೂ ದುಡ್ಡು ಕೊಡಲ್ಲ, ಹಾಕಿದ ಪಾರ್ಟಿಗೆ ಮಾತ್ರ ಕೊಡ್ತೀವಿ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. 'ಆ್ಯಪ್ ಸ್ಲೋ ಇದೆ' ಅನ್ನೋ ದೂರು ನಮಗೂ ದಿನಾ ಬರುತ್ತೆ. ಹಾಗಂತ ನಾವು ಸರ್ವರ್ ಕಿತ್ತು ಹೊಸದು ಹಾಕಲ್ಲ. ಯಾವಾಗ ಸ್ಲೋ, ಯಾರಿಗೆ ಸ್ಲೋ, ಯಾವ ಹಂತದಲ್ಲಿ ನಿಲ್ಲುತ್ತೆ ಅಂತ ಕೇಳ್ತೀವಿ. ಎಂಜಿನಿಗೂ ಇದೇ ಕ್ರಮ ಅನ್ನೋದನ್ನು ನಾನು ಕಣ್ಣಾರೆ ಕಂಡದ್ದು ಸಕಲೇಶಪುರದ ಒಂದು ಸಣ್ಣ ಗ್ಯಾರೇಜಿನಲ್ಲಿ.

ಅಕ್ಕ ಕೇಳಿದ ಸಾಲ

ನಮ್ಮ ಭಾವನಿಗೆ ಒಂದು ಸಣ್ಣ ಟ್ರಕ್ ಇದೆ. 2005ರಲ್ಲಿ ಟಾಟಾ ಏಸ್ ಬಂದಾಗ ಅದರ ಎರಡು ಸಿಲಿಂಡರ್ ಎಂಜಿನಿಗೆ ಇದ್ದದ್ದು 16 ಕುದುರೆಶಕ್ತಿ. ಆ ಸೈಜಿನ ಗಾಡಿಗಳೇ ನಮ್ಮ ಊರುಗಳ ಸಾಗಣೆಯ ದಾರಿ ಬದಲಾಯಿಸಿದವು. ಭಾವನ ಗಾಡಿ ಅದಕ್ಕಿಂತ ಒಂದು ಸೈಜ್ ದೊಡ್ಡದು. ನಾಲ್ಕು ಸಿಲಿಂಡರ್, ಟರ್ಬೊ ಇರುವ ಬಿಎಸ್-4 ಡೀಸೆಲ್. ಕಂಪನಿ ಹೆಸರು ಇಲ್ಲಿ ಬೇಡ, ಯಾಕಂದ್ರೆ ಈ ತೊಂದರೆ ಯಾವ ಕಂಪನಿಯ ಗಾಡಿಗೂ ಬರಬಹುದು.

ಹಾಸನದಲ್ಲಿ ಸಂಜೆ ತರಕಾರಿ ತುಂಬಿಸಿ, ಶಿರಾಡಿ ಘಾಟಿ ಇಳಿದು, ಬೆಳಗಾಗೋದರೊಳಗೆ ಮಂಗಳೂರು ಮುಟ್ಟಿಸೋದು ಅವರ ಕೆಲಸ. ವಾಪಸ್ ಬರುವಾಗ ಸಿಕ್ಕ ಬಾಡಿಗೆ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಗಾಡಿ ಗುಂಡ್ಯದಿಂದ ಮೇಲಕ್ಕೆ ಬರುವಾಗ ಎಳೆಯೋದು ಬಿಟ್ಟಿತು. ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಏರನ್ನು ಎರಡರಲ್ಲಿ, ಆಮೇಲೆ ಒಂದರಲ್ಲಿ ಹತ್ತಬೇಕಾಯಿತು. ವಾಪಸ್ ಬರೋದು ಎರಡು ಸಲ ತಡವಾಗಿ ಸಂಜೆಯ ಲೋಡ್ ತಪ್ಪಿತು. ಮೂರನೇ ಸಲವೂ ಹೀಗಾದ್ರೆ ಬೇರೆ ಗಾಡಿ ನೋಡ್ಕೋತೀವಿ ಅಂತ ಮಂಡಿಯವರು ಹೇಳಿದರು.

ಡೀಸೆಲ್ ಫಿಲ್ಟರ್ ಹೊಸದು ಹಾಕಿಸಿದರು, ಏರ್ ಫಿಲ್ಟರ್ ಹೊಸದು ಹಾಕಿಸಿದರು. ಬದಲಾವಣೆ ಇಲ್ಲ. ಮೂರನೇ ಬಾರಿಗೆ ಹೋದಾಗ ಒಂದು ಗ್ಯಾರೇಜಿನಲ್ಲಿ ನಾಲ್ಕೂ ಇಂಜೆಕ್ಟರ್, ಜೊತೆಗೆ ಹೈ ಪ್ರೆಶರ್ ಪಂಪಿನ ಕೆಲಸ ಅಂತ 80 ಸಾವಿರದ ಲೆಕ್ಕ ಕೊಟ್ಟರು.

ಆಗ ಅಕ್ಕ ಫೋನ್ ಮಾಡಿದಳು. 'ನಿನ್ ಹತ್ರ ಒಂದು ನಲವತ್ತು ಇದ್ರೆ ಕೊಡು. ಮಿಕ್ಕಿದ್ದಕ್ಕೆ ನನ್ನ ಸರ ಅಡ ಇಡ್ತೀನಿ. ಈ ತಿಂಗಳ ಕಂತು ಬೇರೆ ಇದೆ.'

'ದುಡ್ಡಿಗೆ ಏನೂ ಯೋಚನೆ ಮಾಡ್ಬೇಡ ಅಕ್ಕ. ಶನಿವಾರ ಬರ್ತೀನಿ, ಅಲ್ಲಿ ತನಕ ಏನೂ ಬಿಚ್ಚಿಸಬೇಡಿ' ಅಂದೆ.

ಭಾವನಿಗೆ ಪರಿಚಯವಿದ್ದ ಒಬ್ಬರು ಹಿರಿಯ ಮೇಸ್ತ್ರಿ ಇದ್ದರು. ದೊಡ್ಡ ಬೋರ್ಡಿಲ್ಲದ, ಒಂದು ಶೀಟ್ ಮಾಡಿನ ಗ್ಯಾರೇಜು. ಶನಿವಾರ ಬೆಳಗ್ಗೆ ಅಲ್ಲಿಗೇ ಹೋದೆವು. ನನ್ನ ಹತ್ತಿರ ಇದ್ದದ್ದು ನನ್ನ ಕಾರಿಗೆ ಅಂತ ಕೊಂಡಿದ್ದ ಒಂದು ಬ್ಲೂಟೂತ್ ಓಬಿಡಿ ಸ್ಕ್ಯಾನರ್. ಬೆಂಕಿಪೊಟ್ಟಣದಷ್ಟಿರುವ ಈ ವಸ್ತುವನ್ನು ಗಾಡಿಯ ಸಾಕೆಟ್ಟಿಗೆ ಸಿಕ್ಕಿಸಿದರೆ ಎಂಜಿನ್ ಕಂಪ್ಯೂಟರಿನ ಲೆಕ್ಕಗಳು ಮೊಬೈಲಿಗೆ ಬರುತ್ತವೆ.

ಘಾಟಿಯಲ್ಲಿ ಮಾತ್ರ ಯಾಕೆ?

ಮೇಸ್ತ್ರಿ ಬಾನೆಟ್ಟಿಗೆ ಕೈ ಹಾಕಲೇ ಇಲ್ಲ. ಭಾವನನ್ನು ಕೂರಿಸಿಕೊಂಡು ಪ್ರಶ್ನೆ ಕೇಳೋಕೆ ಶುರು ಮಾಡಿದರು. ಬೆಳಗ್ಗೆ ಸ್ಟಾರ್ಟ್ ಸರಿಯಾಗಿ ಆಗುತ್ತಾ? ಆಗುತ್ತೆ. ಐಡ್ಲಿಂಗಿನಲ್ಲಿ ನಡುಗುತ್ತಾ? ಇಲ್ಲ. ಸಮತಟ್ಟು ರಸ್ತೇಲಿ ಹೇಗೆ? ಪರವಾಗಿಲ್ಲ. ಖಾಲಿ ಇದ್ದಾಗ? ಗೊತ್ತೇ ಆಗಲ್ಲ. ಒಂದೇ ದಿನಕ್ಕೆ ಹೀಗಾಯ್ತಾ, ನಿಧಾನಕ್ಕಾ? ಒಂದು ವಾರದಲ್ಲಿ ಆಯ್ತು.

ಸಮತಟ್ಟಿನಲ್ಲಿ ಚೆನ್ನಾಗಿರುವ ಎಂಜಿನ್ ಏರಿನಲ್ಲಿ ಯಾಕೆ ಸೋಲುತ್ತೆ ಅನ್ನೋದಕ್ಕೆ ಹೈಸ್ಕೂಲ್ ಭೌತಶಾಸ್ತ್ರ ಸಾಕು. ಗಾಡಿ, ಲೋಡ್ ಸೇರಿ 2,500 ಕೆ.ಜಿ. ಅಂದುಕೊಳ್ಳಿ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ಹೋಗೋಕೆ ಟೈರಿನ ಎಳೆತ, ಗಾಳಿಯ ತಡೆ ಎಲ್ಲ ಸೇರಿ ಬೇಕಾಗೋದು ಸುಮಾರು 6 ಕುದುರೆಶಕ್ತಿ. ಅದೇ ಗಾಡಿ, ಅದೇ ವೇಗದಲ್ಲಿ, 100 ಮೀಟರಿಗೆ 6 ಮೀಟರ್ ಏರುವ ರಸ್ತೆ ಹತ್ತಬೇಕಂದ್ರೆ ತೂಕ ಎತ್ತೋದಕ್ಕೇ ಇನ್ನೂ 22 ಕುದುರೆಶಕ್ತಿ ಬೇಕು. ಒಟ್ಟು 28. ಅಂದರೆ ನಾಲ್ಕೂವರೆ ಪಟ್ಟಿಗೂ ಜಾಸ್ತಿ.

ಹಾಗಾಗಿ ಎಂಜಿನ್ನು ಅರ್ಧ ಶಕ್ತಿ ಕಳಕೊಂಡಿದ್ದರೂ ಊರೊಳಗೆ ಓಡಾಡುವಾಗ ಗೊತ್ತಾಗಲ್ಲ. ಘಾಟಿಗೆ ಹೋದಾಗಲೇ ಬಣ್ಣ ಬಯಲು. ಇದಕ್ಕೇ ಮೇಸ್ತ್ರಿ ಒಂದು ಷರತ್ತು ಹಾಕಿದರು. 'ಲೋಡ್ ಇಲ್ದೆ ನಾನು ಗಾಡಿ ನೋಡಲ್ಲ. ಖಾಲಿ ಗಾಡೀಲಿ ಕಾಯಿಲೆ ಹುಡುಕಿದ್ರೆ ಸಿಗಲ್ಲ ಸಾರ್.' ಅದೃಷ್ಟಕ್ಕೆ ಅವತ್ತು ಭಾವ ದೋಣಿಗಾಲ್ ಹತ್ತಿರ ಒಂದು ಮನೆ ಕೆಲಸಕ್ಕೆ 20 ಚೀಲ ಸಿಮೆಂಟ್ ಇಳಿಸೋದಿತ್ತು. ಇಳಿಸುವ ಮುಂಚೆ ಒಂದು ಸುತ್ತು ಹೊಡೆಯೋಣ ಅಂತಾಯಿತು. 50 ಕೆ.ಜಿ.ಯ 20 ಚೀಲ, ಸರಿಯಾಗಿ ಒಂದು ಟನ್.

ಶಕ್ತಿ ಹುಟ್ಟುತ್ತಿಲ್ಲವಾ, ಹುಟ್ಟಿದ್ದು ಸೋರುತ್ತಿದೆಯಾ?

ಹೊರಡುವ ಮೊದಲು ಮೇಸ್ತ್ರಿ ಹೇಳಿದ್ದು ನನಗೆ ತುಂಬಾ ಹಿಡಿಸಿತು. ಗಾಡಿ ಎಳೆಯದಿದ್ದರೆ ತಪ್ಪು ಎಂಜಿನ್ನಿನದೇ ಅಂತ ಹೇಳೋಕಾಗಲ್ಲ. ಎಂಜಿನ್ನು ಪಾಪ ದುಡೀತಾ ಇರಬಹುದು, ದುಡಿದದ್ದನ್ನು ದಾರಿಯಲ್ಲಿ ಬೇರೆ ಯಾರೋ ತಿನ್ನುತ್ತಿರಬಹುದು.

ಮೊದಲ ಅನುಮಾನ ಬ್ರೇಕ್. ಬ್ರೇಕ್ ಬಿಟ್ಟ ಮೇಲೂ ಒಂದು ಚಕ್ರದಲ್ಲಿ ಹಿಡಿದುಕೊಂಡೇ ಇದ್ದರೆ ಎಂಜಿನ್ನು ಆ ಹಿಡಿತದ ವಿರುದ್ಧ ದುಡೀತಾ ಇರುತ್ತೆ. ಪರೀಕ್ಷೆ ಸುಲಭ. ಬ್ರೇಕ್ ಜಾಸ್ತಿ ಬಳಸದೆ ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಅಂಗೈ ತಂದು ನೋಡಿ. ಮುಟ್ಟಬೇಡಿ, ಹತ್ತಿರ ತಂದರೆ ಸಾಕು. ಒಂದು ಚಕ್ರ ಮಾತ್ರ ಕೆಂಡದ ಹಾಗೆ ಸುಡ್ತಿದ್ದರೆ ಅಲ್ಲೇ ಇದೆ ಉತ್ತರ. ನಮ್ಮ ಗಾಡಿಯಲ್ಲಿ ನಾಲ್ಕೂ ಒಂದೇ ಥರ ಇದ್ದವು. ಟೈರಿನ ಗಾಳಿಯೂ ಸರಿ ಇತ್ತು.

ಎರಡನೇದು ಕ್ಲಚ್. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿನ ಸದ್ದು ಮೇಲೇರಿ ಗಾಡಿಯ ವೇಗ ಅಲ್ಲೇ ಉಳಿದರೆ, ಜೊತೆಗೆ ಸುಟ್ಟ ವಾಸನೆ ಬಂದರೆ, ಕ್ಲಚ್ ಪ್ಲೇಟ್ ಜಾರುತ್ತಿದೆ ಅಂತ ಅರ್ಥ. ನಮ್ಮದರಲ್ಲಿ ಸದ್ದೂ ಏರುತ್ತಿರಲಿಲ್ಲ, ವೇಗವೂ ಏರುತ್ತಿರಲಿಲ್ಲ. ಹಾಗಾಗಿ ಕ್ಲಚ್ ಅಲ್ಲ. ಶಕ್ತಿ ಹುಟ್ಟುತ್ತಲೇ ಇಲ್ಲ.

ಎರಡೇ ಪರೀಕ್ಷೆ. ಒಂದು ರೂಪಾಯಿ ಖರ್ಚಿಲ್ಲದೆ ಗಾಡಿಯ ಅರ್ಧ ಭಾಗ ಅನುಮಾನದ ಪಟ್ಟಿಯಿಂದ ಹೊರಗೆ ಹೋಯಿತು. ನಾವು ಕೋಡಿನಲ್ಲಿ ಬಗ್ ಹುಡುಕೋದೂ ಹೀಗೇ. ಮೊದಲು ಅರ್ಧ ಕತ್ತರಿಸಿ ಬದಿಗಿಡೋದು.

ಹೊಗೆ ಹೇಳುವ ಮಾತು

ಡೀಸೆಲ್ ಎಂಜಿನ್ನಿಗೆ ಬೇಕಾಗಿರೋದು ನಾಲ್ಕು. ಗಾಳಿ ಒಳಗೆ ಬರಬೇಕು, ಡೀಸೆಲ್ ಒಳಗೆ ಬರಬೇಕು, ಸಿಲಿಂಡರಿನಲ್ಲಿ ಗಾಳಿ ಗಟ್ಟಿಯಾಗಿ ಒತ್ತಬೇಕು, ಹೊಗೆ ಸಲೀಸಾಗಿ ಹೊರಗೆ ಹೋಗಬೇಕು. ಯಾವುದು ಕೈಕೊಟ್ಟಿದೆ ಅನ್ನೋದಕ್ಕೆ ಮೊದಲ ಸಾಕ್ಷಿ ಸೈಲೆನ್ಸರ್.

ಲೋಡ್ ಇರುವಾಗ ಕಪ್ಪು ಹೊಗೆ ಬಂದರೆ ಡೀಸೆಲ್ಲಿಗೆ ತಕ್ಕಷ್ಟು ಗಾಳಿ ಇಲ್ಲ ಅಂತ. ಒಂದು ಕೆ.ಜಿ. ಡೀಸೆಲ್ ಪೂರ್ತಿ ಉರಿಯೋಕೆ ಸುಮಾರು 14.5 ಕೆ.ಜಿ. ಗಾಳಿ ಬೇಕು. ಅಷ್ಟು ಸಿಗದಿದ್ದರೆ ಉರಿಯದೆ ಉಳಿದದ್ದು ಮಸಿಯಾಗಿ ಹೊರಗೆ ಬರುತ್ತೆ. ಗಾಡಿ ಎಳೆಯೋದೂ ಇಲ್ಲ, ಹೊಗೆಯೂ ಇಲ್ಲ ಅಂದ್ರೆ ಡೀಸೆಲ್ಲೇ ಸಾಕಷ್ಟು ಬರುತ್ತಿಲ್ಲ ಅನ್ನೋ ಅನುಮಾನ. ಬಿಸಿಯಾದ ಮೇಲೂ ಬಿಳಿ ಹೊಗೆ ಬಂದರೆ ಡೀಸೆಲ್ ಉರಿಯದೆ ಆವಿಯಾಗಿ ಹೋಗ್ತಿದೆ, ಇಲ್ಲಾಂದ್ರೆ ಕೂಲೆಂಟ್ ಒಳಗೆ ಸೇರ್ತಿದೆ. ನೀಲಿ ಹೊಗೆ ಅಂದ್ರೆ ಎಂಜಿನ್ ಆಯಿಲ್ ಉರೀತಿದೆ.

ಭಾವ ಗಾಡಿ ಓಡಿಸಿದರು, ನಾನು ಪಕ್ಕದಲ್ಲಿ ಕೂತು ಮೊಬೈಲ್ ನೋಡಿದೆ, ಮೇಸ್ತ್ರಿ ಹಿಂದೆ ಬೈಕಿನಲ್ಲಿ ಬಂದರು. ಮಾರನಹಳ್ಳಿ ತನಕ ಇಳಿದು, ತಿರುಗಿಸಿಕೊಂಡು ಮೇಲಕ್ಕೆ ಹತ್ತಿದೆವು. ದಾರಿಬದಿ ನಿಲ್ಲಿಸಿದಾಗ ಮೇಸ್ತ್ರಿ ಹೆಲ್ಮೆಟ್ ತೆಗೆದು ಹೇಳಿದ ಮೊದಲ ಮಾತು: 'ಕಪ್ಪು ಹೊಗೆ. ಗಾಳಿ ಕಡೆ ನೋಡ್ಬೇಕು. ಡೀಸೆಲ್ ಕಡೆ ಅಲ್ಲ.'

80 ಸಾವಿರದ ಲೆಕ್ಕ ಪೂರ್ತಿ ಡೀಸೆಲ್ ಕಡೆಯದಾಗಿತ್ತು.

ಮೊಬೈಲಿನಲ್ಲಿ ಕಂಡ ಮೂರು ಅಂಕಿ

ಹೊಗೆಯ ಮಾತನ್ನೇ ನಂಬಿ ಕೂರಬಾರದು. ಅದಕ್ಕೆ ಬೇರೆ ಸಾಕ್ಷಿಯೂ ಬೇಕು. ನಾನು ನೋಡಿದ್ದು ಮೂರು ಅಂಕಿ.

ಮೊದಲನೆಯದು, ಎಂಜಿನ್ ಆಫ್ ಇದ್ದು ಕೀ ಮಾತ್ರ ಆನ್ ಮಾಡಿದಾಗ ಗಾಳಿಯ ಒತ್ತಡದ ಸೆನ್ಸರ್ ಏನು ತೋರಿಸುತ್ತೆ ಅಂತ. ಎಂಜಿನ್ ಓಡದಿರುವಾಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಮಂಗಳೂರಿನ ಸಮುದ್ರದ ದಂಡೆಯಲ್ಲಿ ಅದು ಹೆಚ್ಚುಕಡಿಮೆ 101 ಕಿಲೋಪ್ಯಾಸ್ಕಲ್. ಸಕಲೇಶಪುರ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ 90ರ ಆಸುಪಾಸು. ಗ್ಯಾರೇಜಿನ ಮುಂದೆ ಮೊಬೈಲ್ ತೋರಿಸಿದ್ದು 90. ಅಂದರೆ ಸೆನ್ಸರ್ ಸುಳ್ಳು ಹೇಳುತ್ತಿಲ್ಲ. ಅಳೆಯೋ ಮುಂಚೆ ಅಳತೆಗೋಲು ಸರಿ ಇದೆಯಾ ಅಂತ ನೋಡೋದು ಒಳ್ಳೇದು.

ಎರಡನೆಯದು, ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಅದೇ ಸೆನ್ಸರಿನ ಅಂಕಿ. ಟರ್ಬೊ ಮಾಡೋ ಕೆಲಸ ಏನಂದ್ರೆ, ಹೊರಗೆ ಹೋಗುವ ಹೊಗೆಯ ರಭಸದಿಂದ ಒಂದು ಚಕ್ರ ತಿರುಗಿಸಿ, ಅದರ ಬಲದಿಂದ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬೋದು. ಈ ಥರದ ಗಾಡಿಯಲ್ಲಿ ಪೂರ್ತಿ ಲೋಡ್ ಬಿದ್ದಾಗ ಅದು 200 ಹತ್ತಿರ ಹೋಗಬೇಕು. ನಮ್ಮದು 118 ದಾಟಲೇ ಇಲ್ಲ. ಅಂದರೆ ಟರ್ಬೊ ಇದ್ದೂ ಇಲ್ಲದ ಹಾಗೆ.

ಮೂರನೆಯದು, ಡೀಸೆಲ್ ರೈಲಿನ ಒತ್ತಡ. ಹೈ ಪ್ರೆಶರ್ ಪಂಪ್ ಸೋತಿದ್ದರೆ, ಫಿಲ್ಟರ್ ಕಟ್ಟಿಕೊಂಡಿದ್ದರೆ ಲೋಡ್ ಬಿದ್ದಾಗ ಈ ಒತ್ತಡ ಕುಸಿಯಬೇಕು. ಅದು 1,200 ಬಾರ್ ದಾಟಿ ಅಲ್ಲೇ ಗಟ್ಟಿಯಾಗಿ ನಿಂತಿತ್ತು. ಪಂಪ್ ನಿರಪರಾಧಿ.

ಇಂಜೆಕ್ಟರ್ ಬಗ್ಗೆಯೂ ಮೇಸ್ತ್ರಿ ಅನುಮಾನ ಉಳಿಸಲಿಲ್ಲ. ನಾಲ್ಕು ಇಂಜೆಕ್ಟರಿನಿಂದ ಟ್ಯಾಂಕಿಗೆ ವಾಪಸ್ ಹೋಗುವ ಸಣ್ಣ ಪೈಪುಗಳನ್ನು ನಾಲ್ಕು ಖಾಲಿ ನೀರಿನ ಬಾಟಲಿಗೆ ಬಿಟ್ಟು, ಸ್ವಲ್ಪ ಹೊತ್ತು ಎಂಜಿನ್ ಓಡಿಸಿದರು. ಒಂದು ಇಂಜೆಕ್ಟರ್ ಸವೆದಿದ್ದರೆ ಅದರ ಬಾಟಲಿ ಮಾತ್ರ ಬೇಗ ತುಂಬುತ್ತೆ. ನಾಲ್ಕರಲ್ಲೂ ಡೀಸೆಲ್ ಒಂದೇ ಮಟ್ಟದಲ್ಲಿತ್ತು. ಭಾವ ಆ ಬಾಟಲಿಗಳನ್ನೇ ನೋಡ್ತಾ ನಿಂತಿದ್ದರು. 'ಇಷ್ಟಕ್ಕೇ ಗೊತ್ತಾಗುತ್ತಾ?' ಅಂದರು.

ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ವಾಪಸ್ ಪೈಪಿನಲ್ಲಿ ಒತ್ತಡ ಕಡಿಮೆ, ಆದರೆ ಅದರ ಪಕ್ಕದಲ್ಲೇ ಇರುವ ಕಬ್ಬಿಣದ ಪೈಪುಗಳಲ್ಲಿ ನೂರಾರು ಬಾರ್ ಒತ್ತಡ ಇರುತ್ತೆ. ಅಲ್ಲಿಂದ ಚಿಮ್ಮುವ ಡೀಸೆಲ್ ಸೂಜಿಯ ಹಾಗೆ ಚರ್ಮದೊಳಗೆ ಹೋಗುತ್ತೆ. ಗೊತ್ತಿರೋರ ಕೈಯಲ್ಲೇ ಆಗಬೇಕಾದ ಕೆಲಸ.

ದೂರು ಬೇರೆ, ಕಳ್ಳ ಬೇರೆ

ಸ್ಕ್ಯಾನರಿನಲ್ಲಿ ಒಂದು ಕೋಡೂ ಸಿಕ್ಕಿತು. ಪಿ 0299. ಟರ್ಬೊದಿಂದ ಬರಬೇಕಾದ ಒತ್ತಡ ಬರುತ್ತಿಲ್ಲ ಅಂತ ಅದರ ಅರ್ಥ. ಕೋಡ್ ಸಿಕ್ಕಿತಲ್ಲ, ಹಾಗಾದ್ರೆ ಟರ್ಬೊ ಹೋಗಿದೆಯಾ ಅಂತ ಭಾವ ಗಾಬರಿಯಾದರು. ಹೊಸ ಟರ್ಬೊ ಅಂದ್ರೂ ಅಷ್ಟೇ, ಹತ್ತಾರು ಸಾವಿರದ ಮಾತು.

ಮೇಸ್ತ್ರಿ ನಕ್ಕರು. 'ಕಂಪ್ಯೂಟರ್ ದೂರು ಕೊಟ್ಟಿದೆ ಅಷ್ಟೇ. ಕಳ್ಳ ಯಾರು ಅಂತ ಹೇಳಿಲ್ಲ.'

ನಿಜ. ಒತ್ತಡ ಕಡಿಮೆಯಾಗೋಕೆ ಟರ್ಬೊ ಹಾಳಾಗಿರಬಹುದು. ಟರ್ಬೊ ನಿಯಂತ್ರಿಸುವ ಆಕ್ಚುಯೇಟರ್ ಅಂಟಿಕೊಂಡಿರಬಹುದು, ಅದರ ಸಣ್ಣ ವ್ಯಾಕ್ಯೂಮ್ ಪೈಪು ಬಿಟ್ಟಿರಬಹುದು. ಹೊಗೆಯನ್ನು ಸ್ವಲ್ಪ ಮತ್ತೆ ಒಳಗೆ ಕಳಿಸುವ ಇಜಿಆರ್ ವಾಲ್ವ್ ಮಸಿ ಹಿಡಿದು ತೆರೆದೇ ಉಳಿದಿರಬಹುದು. ಸೈಲೆನ್ಸರ್ ಕಡೆ ಕಟ್ಟಿಕೊಂಡಿರಬಹುದು. ಅಥವಾ ಟರ್ಬೊ ಒತ್ತಿದ ಗಾಳಿ ಎಂಜಿನ್ ಮುಟ್ಟುವ ಮುಂಚೆ ದಾರಿಯಲ್ಲಿ ಸೋರುತ್ತಿರಬಹುದು. ಇದರಲ್ಲಿ ಪರೀಕ್ಷೆಗೆ ಅಗ್ಗದ್ದು ಯಾವುದೋ ಅದನ್ನು ಮೊದಲು ನೋಡಬೇಕು. ಅದು ಸೋರಿಕೆ.

ಟರ್ಬೊದಿಂದ ಹೊರಟ ಗಾಳಿ ಬಿಸಿಯಾಗಿರುತ್ತೆ. ಅದನ್ನು ತಣಿಸೋಕೆ ರೇಡಿಯೇಟರಿನ ಹಾಗೆ ಕಾಣುವ ಇಂಟರ್‌ಕೂಲರ್ ಇರುತ್ತೆ. ಅಲ್ಲಿಗೆ ಹೋಗೋಕೆ ಒಂದು ರಬ್ಬರ್ ಪೈಪು, ಅಲ್ಲಿಂದ ಎಂಜಿನ್ನಿಗೆ ಬರೋಕೆ ಇನ್ನೊಂದು. ಮೇಸ್ತ್ರಿ ಟಾರ್ಚ್ ಹಿಡಿದು ಮೊದಲು ಹುಡುಕಿದ್ದು ಸೀಳನ್ನಲ್ಲ, ಎಣ್ಣೆಯ ಕಲೆಯನ್ನು. ಟರ್ಬೊ ಗಾಳಿಯ ಜೊತೆ ಯಾವಾಗಲೂ ಒಂಚೂರು ಎಣ್ಣೆಯ ಪಸೆ ಇರುತ್ತೆ. ಗಾಳಿ ಸೋರುವ ಕಡೆ ಆ ಪಸೆಗೆ ಧೂಳು ಅಂಟಿ ಕಪ್ಪು ಗುರುತಾಗಿರುತ್ತೆ. ಕೆಳಗಿನ ಪೈಪಿನ ತಳದಲ್ಲಿ ಅಂಥ ಒಂದು ಗುರುತಿತ್ತು.

ಖಾತ್ರಿ ಮಾಡಿಕೊಳ್ಳೋಕೆ ಅವರ ಹತ್ತಿರ ಒಂದು ಮನೆ ಸಾಮಾನು ಇತ್ತು. ಪ್ಲಂಬಿಂಗ್ ಅಂಗಡಿಯ ಪಿವಿಸಿ ಮುಚ್ಚಳಕ್ಕೆ ತೂತು ಮಾಡಿ ಟೈರಿನ ವಾಲ್ವ್ ಕೂರಿಸಿದ್ದು. ಎಂಜಿನ್ ಆಫ್ ಮಾಡಿ, ಟರ್ಬೊ ಗಾಳಿ ಎಳೆಯುವ ಬಾಯಿಗೆ ಅದನ್ನು ಬಿಗಿದು, ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಮೆಲ್ಲಗೆ ಗಾಳಿ ಬಿಟ್ಟರು. ಪೈಪಿನ ಮೇಲೆ ಸೋಪಿನ ನೀರು ಹಾಕಿದ ಕೂಡಲೇ ತಳದಲ್ಲಿ ನೊರೆ ಉಕ್ಕಿತು. ಹೆಬ್ಬೆರಳಿನ ಉದ್ದದ ಒಂದು ಸೀಳು. ಸುಮ್ಮನೆ ನೋಡಿದರೆ ಕಾಣದಷ್ಟು ಮುಚ್ಚಿಕೊಂಡಿತ್ತು. ಒತ್ತಡ ಬಿದ್ದಾಗ ಮಾತ್ರ ಬಾಯಿ ತೆರೆಯುತ್ತಿತ್ತು.

ಎಲ್ಲ ಲಕ್ಷಣಕ್ಕೂ ಆಗ ಅರ್ಥ ಬಂತು. ಐಡ್ಲಿಂಗಿನಲ್ಲಿ, ಸಮತಟ್ಟಿನಲ್ಲಿ ಟರ್ಬೊಗೆ ಹೆಚ್ಚು ಕೆಲಸ ಇಲ್ಲ, ಸೀಳು ಮುಚ್ಚಿಕೊಂಡೇ ಇರುತ್ತೆ. ಏರಿನಲ್ಲಿ ಲೋಡ್ ಬಿದ್ದಾಗ ಒತ್ತಡ ಏರಿ ಸೀಳು ತೆರೆಯುತ್ತೆ, ಗಾಳಿ ಹೊರಗೆ ಹೋಗುತ್ತೆ, ಡೀಸೆಲ್ಲಿಗೆ ಗಾಳಿ ಸಾಲದೆ ಕಪ್ಪು ಹೊಗೆ.

ಮೇಸ್ತ್ರಿ ಅಲ್ಲಿಗೂ ನಿಲ್ಲಿಸಲಿಲ್ಲ. ಪೈಪು ಯಾಕೆ ಸೀಳಿತು? ಅದನ್ನು ಹಿಡಿದಿಡುವ ಬ್ರಾಕೆಟ್ಟಿನ ಒಂದು ಬೋಲ್ಟ್ ಬಿದ್ದುಹೋಗಿತ್ತು. ಬ್ರಾಕೆಟ್ ಪೈಪಿಗೆ ಉಜ್ಜಿ ಉಜ್ಜಿ ಸವೆಸಿತ್ತು. ಬೋಲ್ಟ್ ಹಾಕದೆ ಹೊಸ ಪೈಪು ಹಾಕಿದ್ದರೆ ಸ್ವಲ್ಪ ದಿನಕ್ಕೆ ಮತ್ತೆ ಇದೇ ಕತೆ.

ಪೈಪು ಸಕಲೇಶಪುರದಲ್ಲಿ ಸಿಗಲಿಲ್ಲ. ಹಾಸನದ ಸ್ಪೇರ್ ಪಾರ್ಟ್ಸ್ ಅಂಗಡಿಯವರು ಮಧ್ಯಾಹ್ನದ ಬಸ್ಸಿನಲ್ಲಿ ಕಳಿಸಿದರು. ಪೈಪು, ಎರಡು ಕ್ಲ್ಯಾಂಪು, ಒಂದು ಬೋಲ್ಟ್ ಸೇರಿ 1,900 ರೂಪಾಯಿ. ಸಂಜೆ ಅದೇ ಸಿಮೆಂಟ್ ಚೀಲಗಳ ಜೊತೆ ಅದೇ ಏರು ಹತ್ತಿದೆವು. ಮೂರನೇ ಗೇರು. ಮೊಬೈಲಿನಲ್ಲಿ ಅಂಕಿ 150, 180, 196. ಭಾವ ಏನೂ ಮಾತಾಡಲಿಲ್ಲ. ದೋಣಿಗಾಲಿನಲ್ಲಿ ಚೀಲ ಇಳಿಸುವಾಗ ಅಕ್ಕನಿಗೆ ಫೋನ್ ಮಾಡಿ, 'ಸರ ಒಳಗಿಡು' ಅಂದರು ಅಷ್ಟೇ.

ನಿಮ್ಮ ಗಾಡಿಯಲ್ಲಿ ಕಾರಣ ಬೇರೆ ಇರಬಹುದು

ಇದನ್ನು ಓದಿ ಎಲ್ಲರೂ ಇಂಟರ್‌ಕೂಲರ್ ಪೈಪು ಬದಲಾಯಿಸಿದರೆ ಕತೆಯ ಅರ್ಥವೇ ಹೋಯಿತು. ಬದಲಾಯಿಸದೆ ಉಳಿಯಬೇಕಾದ್ದು ಹುಡುಕುವ ಕ್ರಮ.

ಹೊಗೆ ಇಲ್ಲದೆ ಗಾಡಿ ಸೋಲುತ್ತಿದ್ದರೆ ಡೀಸೆಲ್ ದಾರಿಯಲ್ಲಿ ಹೋಗಿ. ಫಿಲ್ಟರಿನಲ್ಲಿ ನೀರು ಸೇರಿದೆಯಾ ನೋಡಿಸಿ. ಟ್ಯಾಂಕಿನೊಳಗಿನ ಜಾಲರಿ ಕಟ್ಟಿದೆಯಾ, ಪೈಪಿನ ಜಾಯಿಂಟಿನಲ್ಲಿ ಗಾಳಿ ಎಳೀತಿದೆಯಾ ನೋಡಿಸಿ. ಅರ್ಧ ಗಂಟೆ ಚೆನ್ನಾಗಿ ಓಡಿ ಆಮೇಲೆ ಸೋಲುತ್ತಿದ್ದರೆ, ಒಮ್ಮೆ ನಿಲ್ಲಿಸಿ ಟ್ಯಾಂಕಿನ ಮುಚ್ಚಳ ತೆರೆದು ನೋಡಿ. ಉಸ್ ಅಂತ ಗಾಳಿ ಒಳಗೆ ನುಗ್ಗಿ, ಆಮೇಲೆ ಗಾಡಿ ಮತ್ತೆ ಎಳೆದರೆ ಟ್ಯಾಂಕಿನ ಉಸಿರಾಟದ ದಾರಿ ಮುಚ್ಚಿದೆ.

ಬೆಳಗ್ಗೆ ಸ್ಟಾರ್ಟ್ ಆಗೋಕೆ ಒದ್ದಾಟ, ಆಯಿಲ್ ಹಾಕುವ ಮುಚ್ಚಳ ತೆಗೆದರೆ ಹೊಗೆ ದಬದಬ ಬರೋದು, ಆಯಿಲ್ ಬೇಗ ಖಾಲಿಯಾಗೋದು, ಇವೆಲ್ಲ ಸೇರಿದ್ದರೆ ಮಾತ್ರ ಎಂಜಿನ್ನಿನ ಒಳಗಿನ ಸವೆತದ ಬಗ್ಗೆ ಯೋಚಿಸಿ. ಅದಕ್ಕೂ ಕಂಪ್ರೆಷನ್ ಟೆಸ್ಟ್ ಅಂತ ಒಂದಿದೆ. ಬಿಚ್ಚುವ ಮುಂಚೆ ಅದನ್ನು ಮಾಡಿಸಿ ಅಂಕಿ ಬರೆಸಿಕೊಳ್ಳಿ.

2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಗಾಡಿಯಾಗಿದ್ದರೆ ಇನ್ನೊಂದು ಸಾಧ್ಯತೆ ಇದೆ. ಅವುಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತೆ. ಊರೊಳಗೇ ನಿಂತು ನಿಂತು ಓಡುವ ಗಾಡಿಯಲ್ಲಿ ಅದು ಬಿಸಿಯಾಗಿ ತನ್ನನ್ನು ತಾನು ಸುಟ್ಟು ಸ್ವಚ್ಛ ಮಾಡಿಕೊಳ್ಳೋಕೆ ಅವಕಾಶ ಸಿಗಲ್ಲ. ತುಂಬಿದಾಗ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತೆ, ಅದನ್ನು ಕಡೆಗಣಿಸಿದರೆ ಕಂಪ್ಯೂಟರೇ ಎಂಜಿನ್ನಿನ ಶಕ್ತಿ ಕಡಿಮೆ ಮಾಡುತ್ತೆ. ಆಗ ಎಂಜಿನ್ ಹಾಳಾಗಿರಲ್ಲ, ಹಾಳಾಗದಿರಲಿ ಅಂತ ತನ್ನನ್ನು ತಾನೇ ಕಟ್ಟಿಹಾಕಿಕೊಂಡಿರುತ್ತೆ.

ಗ್ಯಾರೇಜಿಗೆ ಹೋಗುವ ಮುಂಚೆ

ನಮ್ಮಲ್ಲಿ ಬಹಳ ಜನ ಬೆಂಗಳೂರಿನಲ್ಲಿ ಕೆಲಸ ಮಾಡ್ತೀವಿ, ಊರಿನಲ್ಲಿ ಅಪ್ಪನದೋ ಭಾವನದೋ ಅಣ್ಣನದೋ ಒಂದು ಗಾಡಿ ಇರುತ್ತೆ. ಕೆಟ್ಟಾಗ ನಮಗೆ ಬರೋದು ದುಡ್ಡಿನ ಫೋನ್. ದುಡ್ಡು ಕಳಿಸುವ ಮುಂಚೆ ಐದು ಪ್ರಶ್ನೆ ಕೇಳಿ, ಉತ್ತರ ವಾಟ್ಸ್ಆ್ಯಪಿನಲ್ಲಿ ಬರೆದು ಗ್ಯಾರೇಜಿಗೂ ಕಳಿಸಿ.

ಯಾವಾಗ ಸೋಲುತ್ತೆ: ಏರಿನಲ್ಲೋ, ಸಮತಟ್ಟಿನಲ್ಲೋ, ಬಿಸಿಯಾದ ಮೇಲೋ?

ಹೊಗೆ ಯಾವ ಬಣ್ಣ? ಮೊಬೈಲಿನಲ್ಲಿ ಹಿಂದಿನಿಂದ ಒಂದು ವಿಡಿಯೊ ತೆಗೆಸಿ.

ಹೊಸ ಸದ್ದು ಏನಾದ್ರೂ ಇದೆಯಾ? ಬುಸ್ ಅನ್ನೋದು, ಸಿಳ್ಳೆ, ಟಕಟಕ?

ಯಾವುದಾದ್ರೂ ದೀಪ ಹತ್ತಿದೆಯಾ? ಕೋಡ್ ಓದಿಸಿದ್ದೀರಾ?

ಇದು ಶುರುವಾಗುವ ಮುಂಚೆ ಗಾಡಿಗೆ ಏನು ಕೆಲಸ ಮಾಡಿಸಿದ್ದಿರಿ?

ಆಮೇಲೆ ಮೇಸ್ತ್ರಿಗೆ ಒಂದು ಪ್ರಶ್ನೆ: 'ಈ ಪಾರ್ಟ್ ಹೋಗಿದೆ ಅಂತ ಯಾವ ಪರೀಕ್ಷೆಯಿಂದ ಗೊತ್ತಾಯ್ತು?' ಜಗಳದ ದನಿಯಲ್ಲಿ ಬೇಡ, ತಿಳಿದುಕೊಳ್ಳುವ ದನಿಯಲ್ಲಿ ಕೇಳಿ. ಒಳ್ಳೆ ಮೇಸ್ತ್ರಿಗೆ ಈ ಪ್ರಶ್ನೆ ಇಷ್ಟ ಆಗುತ್ತೆ. ಇಂಜೆಕ್ಟರ್ ಬದಲಾಯಿಸಿ ಅಂದ ಗ್ಯಾರೇಜಿನವರು ಮೋಸಗಾರರು ಅಂತ ನಾನು ಹೇಳಲ್ಲ. ಹತ್ತು ಗಾಡಿ ಸಾಲಾಗಿ ನಿಂತಿರುವಾಗ, 'ಬೇಗ ಮಾಡಿಕೊಡಿ' ಅಂತ ಗಿರಾಕಿ ತಲೆ ಮೇಲೆ ನಿಂತಿರುವಾಗ, ಅಂದಾಜಿನ ಮೇಲೆ ಹೇಳೋದು ಬಿಟ್ಟು ಅವರಿಗೂ ದಾರಿ ಇರಲ್ಲ. ಎರಡು ಗಂಟೆ ಕೂತು ಹುಡುಕಿದರೆ ಆ ಎರಡು ಗಂಟೆಯ ಕೂಲಿ ಬಿಲ್ಲಿನಲ್ಲಿ ಎಲ್ಲೂ ಬರಲ್ಲ.

ಅದಕ್ಕೇ ಅವತ್ತು ಸಂಜೆ ಲೆಕ್ಕ ಮಾಡುವಾಗ ಭಾವ ಪೈಪು ಹಾಕಿದ ಕೂಲಿ ಬೇರೆ, ಹುಡುಕಿದ್ದಕ್ಕೆ 1,500 ಬೇರೆ ಕೊಟ್ಟರು. ಮೇಸ್ತ್ರಿ ನೋಟು ತಿರುಗಿಸಿ ನೋಡಿದರು.

'ಇದ್ಯಾಕೆ ಸಾರ್? ನೋಡಿದ್ದಕ್ಕೂ ದುಡ್ಡಾ?'

'ನೋಡಿದ್ದಕ್ಕೇ ದುಡ್ಡು' ಅಂದರು ಭಾವ. 'ಪೈಪು ಯಾರು ಬೇಕಾದ್ರೂ ಹಾಕ್ತಿದ್ರು.'